ಆರ್ಕೇನ್ ಗೇಟ್ ಹಾಕುವುದು ಹೇಗೆ: ಮೊದಲು ಮುಖ ನೋಡಿ, ಆಮೇಲೆ ಜಾಗ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ದಾಳ ಉರುಳಿಸುವ ಟೇಬಲ್ ಆಟ, ಆಡುವ ನಮ್ಮ ಕಡೆಯವರು ತಮ್ಮ ಪಾತ್ರ ಹನ್ನೊಂದನೇ ಲೆವೆಲ್ ಮುಟ್ಟಿದ ತಕ್ಷಣ ಕೇಳುವ ಪ್ರಶ್ನೆ ಒಂದೇ. "ಆರ್ಕೇನ್ ಗೇಟ್ ತಗೊಂಡೀನ್ರಿ, ಇದನ್ನ ಹೆಂಗ ಬಳಸಬೇಕು?" ಕಲಬುರಗಿಯ ನಮ್ಮ ಟೇಬಲ್‌ನಲ್ಲೂ ಇದೇ, ಬೀದರ್, ಯಾದಗಿರಿಯಿಂದ ಆನ್‌ಲೈನ್ ಸೇರಿಕೊಳ್ಳುವವರದೂ ಇದೇ. ಪ್ರತಿ ಸಲ ಆಟ ನಿಲ್ಲಿಸಿ ಬಾಯಲ್ಲಿ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಎಲ್ಲರೂ ಇದನ್ನು ದೂರ ದಾಟಿಸುವ ಸ್ಪೆಲ್, ಅಂದರೆ ಮಂತ್ರ, ಅಂದುಕೊಂಡಿರುತ್ತಾರೆ, 500 ಅಡಿ ಅಂತ ಓದಿದ ಕೂಡಲೇ ಖುಷಿಯಾಗಿ ಮಿಕ್ಕಿದ್ದನ್ನು ಓದುವುದೇ ಇಲ್ಲ. ನಾನು ಹಾಗೆ ನೋಡುವುದಿಲ್ಲ. ಇದು ಎರಡೂ ತುದಿಯಿಂದ ತೆರೆದಿರುವ ಬಾಗಿಲು. ನೀವು ಹೋಗುವ ದಾರಿಯಲ್ಲಿ ವೈರಿಯೂ ಬರಬಹುದು, ಅವನಿಗೆ ನಿಮ್ಮ ಅಪ್ಪಣೆ ಬೇಕಿಲ್ಲ. ಹಾಗಾಗಿ ಎಲ್ಲಿ ಹಾಕಬೇಕು ಅನ್ನೋದಕ್ಕಿಂತ ಮೊದಲು ಯಾವ ಕಡೆ ಮುಖ ಮಾಡಿ ಹಾಕಬೇಕು, ಯಾವಾಗ ಮುಚ್ಚಬೇಕು ಅನ್ನೋದು ತೀರ್ಮಾನವಾಗಿರಬೇಕು.

ಇಲ್ಲಿ ಬರೆದಿರೋದೆಲ್ಲ 2014ರ ಐದನೇ ಆವೃತ್ತಿಯ ನಿಯಮ. 2024ರ ಪುಸ್ತಕದಲ್ಲಿ ಕೆಲವು ಮಾತು ಬದಲಾಗಿವೆ. ನಿಮ್ಮ ಟೇಬಲ್ ಯಾವುದನ್ನು ಬಳಸುತ್ತದೆ ಅಂತ ಡಿಎಂ ಹತ್ತಿರ ಕೇಳಿಕೊಂಡು ಮುಂದೆ ಓದಿ. ಡಿಎಂ ಅಂದರೆ ಡಂಜನ್ ಮಾಸ್ಟರ್, ಆಟ ನಡೆಸುವವರು, ಕೊನೆಯ ಮಾತು ಅವರದೇ.

ಸ್ಪೆಲ್ ಏನು ಮಾಡುತ್ತದೆ

ಇದು ಆರನೇ ಹಂತದ ಕಾಂಜುರೇಶನ್ ಸ್ಪೆಲ್, ಅಂದರೆ ಏನನ್ನಾದರೂ ಬರಮಾಡಿಕೊಳ್ಳುವ ಅಥವಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಜಾತಿಯ ಮಂತ್ರ. ನಿಮ್ಮ ಕಣ್ಣಿಗೆ ಕಾಣುವ ನೆಲದ ಮೇಲೆ ಎರಡು ಬಿಂದು ಆರಿಸುತ್ತೀರಿ. ಒಂದು ನಿಮ್ಮಿಂದ 10 ಅಡಿ ಒಳಗೆ, ಇನ್ನೊಂದು 500 ಅಡಿ ಒಳಗೆ. ಎರಡೂ ಕಡೆ 10 ಅಡಿ ವ್ಯಾಸದ ಹೊಳೆಯುವ ಬಳೆ ತೆರೆದುಕೊಳ್ಳುತ್ತದೆ, ಒಳಗೆಲ್ಲ ಮಂಜು ತುಂಬಿರುತ್ತದೆ. ಬಳೆ ನೆಲದ ಮೇಲೆ ಮಲಗಿರುವುದಿಲ್ಲ, ನೆಲದಿಂದ ಒಂದೆರಡು ಇಂಚು ಮೇಲೆ ನೆಟ್ಟಗೆ ನಿಂತಿರುತ್ತದೆ. ಒಂದರಲ್ಲಿ ಹೊಕ್ಕರೆ ಇನ್ನೊಂದರಿಂದ ಹೊರಗೆ, ಎರಡೂ ಅಕ್ಕಪಕ್ಕ ಇದ್ದ ಹಾಗೆ. ಮನುಷ್ಯರು ಮಾತ್ರ ಅಲ್ಲ, ಕಲ್ಲು, ಬಾಣ, ಪೆಟ್ಟಿಗೆ ಏನಾದರೂ ಹೋಗುತ್ತದೆ.

ಇನ್ನು ಮುಖದ ವಿಷಯ. ಪ್ರತಿ ಬಳೆಗೆ ಒಂದೇ ಮುಖ. ಆ ಮುಖದ ಕಡೆಯಿಂದ ನೋಡಿದರೆ ಮಾತ್ರ ಬಳೆ ಕಾಣುತ್ತದೆ, ಆ ಕಡೆಯಿಂದ ಹೊಕ್ಕರೆ ಮಾತ್ರ ಕೆಲಸ ಮಾಡುತ್ತದೆ. ಬೆನ್ನಿನ ಕಡೆಯಿಂದ ನಡೆದು ಹೋದರೆ ಏನೂ ಆಗುವುದಿಲ್ಲ, ಸುಮ್ನೆ ಖಾಲಿ ಜಾಗ ದಾಟಿದ ಹಾಗೆ. ಯಾವ ಕಡೆ ಮುಖ ಅನ್ನೋದನ್ನು ಹಾಕುವಾಗ ನೀವೇ ಆರಿಸುತ್ತೀರಿ. ಆಮೇಲೆ ನಿಮ್ಮ ಸರದಿಯಲ್ಲಿ ಬೋನಸ್ ಆಕ್ಷನ್ ಕೊಟ್ಟು, ಅಂದರೆ ಸರದಿಗೆ ಒಂದೇ ಸಲ ಸಿಗುವ ಆ ಚಿಕ್ಕ ಹೆಚ್ಚುವರಿ ಕೆಲಸವನ್ನು ಖರ್ಚು ಮಾಡಿ, ತಿರುಗಿಸಬಹುದು.

ಎಲ್ಲಾ ಸೇರಿ 10 ನಿಮಿಷ ಇರುತ್ತದೆ. ಒಂದು ರೌಂಡ್ ಅಂದರೆ 6 ಸೆಕೆಂಡ್, ಲೆಕ್ಕ ಹಾಕಿದರೆ 100 ರೌಂಡ್. ಆದರೆ ಅಷ್ಟೂ ಹೊತ್ತು ನೀವು ಕಾನ್ಸಂಟ್ರೇಷನ್, ಅಂದರೆ ಏಕಾಗ್ರತೆ, ಹಿಡಿದಿಟ್ಟುಕೊಳ್ಳಬೇಕು. ಅದು ಮುರಿದ ಕ್ಷಣ ಎರಡೂ ಬಳೆ ಮಾಯ.

1. ಇದು ನಿಮಗೆ ಸಿಗುತ್ತದಾ ನೋಡಿಕೊಳ್ಳಿ

ವಿಝರ್ಡ್, ಸೋರ್ಸರರ್, ವಾರ್ಲಾಕ್ ಈ ಮೂರು ಬಗೆಯ ಮಾಂತ್ರಿಕ ಪಾತ್ರಗಳ ಸ್ಪೆಲ್ ಪಟ್ಟಿಯಲ್ಲಿ ಇದೆ. ಮೂವರಿಗೂ ಹನ್ನೊಂದನೇ ಲೆವೆಲ್ ಬೇಕು.

ವಿಝರ್ಡ್ ಮತ್ತು ಸೋರ್ಸರರ್‌ಗೆ ಆ ಲೆವೆಲ್‌ನಲ್ಲಿ ಆರನೇ ಹಂತದ ಸ್ಲಾಟ್ ಒಂದೇ ಒಂದು. ಸ್ಲಾಟ್ ಅಂದರೆ ಆ ಹಂತದ ಸ್ಪೆಲ್ ಹಾಕಲು ದಿನಕ್ಕೆ ಸಿಗುವ ಅವಕಾಶ. ಆರನೇ ಹಂತದ ಎರಡನೇ ಸ್ಲಾಟ್ ಬರೋದು 19ನೇ ಲೆವೆಲ್‌ನಲ್ಲಿ. ನಡುವೆ ಏಳು, ಎಂಟು, ಒಂಬತ್ತನೇ ಹಂತದ ಸ್ಲಾಟ್ ಬಂದಾಗ ಅದರಲ್ಲೂ ಹಾಕಬಹುದು, ಆದರೆ ಹೆಚ್ಚಿನ ಸ್ಲಾಟ್ ಸುರಿದರೆ ಬಳೆ ದೊಡ್ಡದಾಗುವುದಿಲ್ಲ, ದೂರವೂ ಜಾಸ್ತಿ ಆಗುವುದಿಲ್ಲ. ವಾರ್ಲಾಕ್‌ಗೆ ಇದು ಮಿಸ್ಟಿಕ್ ಆರ್ಕೇನಮ್ ಆಗಿ ಬರುತ್ತದೆ, ಸ್ಲಾಟ್ ಖರ್ಚಿಲ್ಲದೆ ಲಾಂಗ್ ರೆಸ್ಟ್‌ಗೆ, ಅಂದರೆ ಒಂದು ಪೂರ್ತಿ ವಿಶ್ರಾಂತಿಗೆ, ಒಂದು ಸಲ.

ವಿಝರ್ಡ್‌ಗಳಿಗೆ ಇನ್ನೊಂದು ದಾರಿ ಇದೆ. ಯಾವುದಾದರೂ ಹಳೆಯ ಸ್ಪೆಲ್ ಪುಸ್ತಕದಲ್ಲಿ ಸಿಕ್ಕರೆ ನಿಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳಬಹುದು: 12 ಗಂಟೆ, 300 ಚಿನ್ನದ ನಾಣ್ಯ. ಸುರುಳಿಯಿಂದ ಇಳಿಸಿಕೊಳ್ಳುವುದಾದರೆ ಆರ್ಕೇನಾ ಚೆಕ್‌ನಲ್ಲಿ, ಅಂದರೆ ಮಂತ್ರಜ್ಞಾನದ ಪರೀಕ್ಷೆಗೆ ಉರುಳಿಸುವ ದಾಳದಲ್ಲಿ, 16 ಬರಬೇಕು, ಬರಲಿ ಬಿಡಲಿ ಸುರುಳಿ ಮಾತ್ರ ಹೋಯಿತು. ಮತ್ತೆ ಪುಸ್ತಕದಲ್ಲಿ ಇದ್ದರೆ ಸಾಲದು, ಬೆಳಿಗ್ಗೆ ಸಿದ್ಧ ಮಾಡಿಕೊಳ್ಳುವ ಸ್ಪೆಲ್‌ಗಳ ಪಟ್ಟಿಯಲ್ಲೂ ಇದನ್ನು ಸೇರಿಸಿರಬೇಕು. ಹೊಸ ವಿಝರ್ಡ್‌ಗಳು ಇದನ್ನು ಮರೆತು ನಡು ಯುದ್ಧದಲ್ಲಿ ಶೀಟ್ ತಿರುಗಿಸುತ್ತಾ ಕೂರುವುದನ್ನು ಎಷ್ಟೋ ಸಲ ನೋಡಿದ್ದೇನೆ.

2. ಟೇಬಲ್ ಮೇಲೆ ಎರಡು ನಿಜವಾದ ಬಳೆ ಇಡಿ

ಇದು ನಿಯಮ ಅಲ್ಲ, ನನ್ನ ಒತ್ತಾಯ. ಈ ಸ್ಪೆಲ್ ಬಗ್ಗೆ ಆಗುವ ಜಗಳಗಳಲ್ಲಿ ಹೆಚ್ಚಿನವು "ಬಳೆ ಆ ಕಡೆ ತಿರುಗಿತ್ತು, ಇಲ್ಲ ಈ ಕಡೆ ತಿರುಗಿತ್ತು" ಅನ್ನೋದೇ. ಒಂದಿಂಚಿನ ಚೌಕ ಇರುವ ನಕ್ಷೆಯಲ್ಲಿ ಒಂದು ಚೌಕ ಅಂದರೆ 5 ಅಡಿ. 10 ಅಡಿಯ ಬಳೆ ಅಂದರೆ ಎರಡು ಇಂಚು. ಬಜಾರಿನ ಬಳೆ ಅಂಗಡಿಯಲ್ಲಿ ಎರಡು-ಎರಡು ಸೈಜ್ ಅಂತ ಕೇಳಿ, ಅದರ ಒಳ ಅಳತೆ ಎರಡು ಇಂಚಿಗಿಂತ ಒಂಚೂರು ಜಾಸ್ತಿ, ಅಷ್ಟೇ. ನಕ್ಷೆಯ ಅಳತೆಗೆ ಕೂತುಬಿಡುತ್ತದೆ. ಗಾಜಿಂದು ಬೇಡ, ಒಡೆಯುತ್ತದೆ, ಮೆಟಲ್ ಬಳೆ ತಗೊಳ್ಳಿ.

ಒಂದು ಉಂಡೆ ಮಕ್ಕಳ ಕ್ಲೇ ಒತ್ತಿ ಅದರ ಮೇಲೆ ಬಳೆಯನ್ನು ನೆಟ್ಟಗೆ ನಿಲ್ಲಿಸಿ. ಮುಖ ಇರುವ ಕಡೆ ಕ್ಲೇ ಮೇಲೆ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಡಿ. ಚುಕ್ಕೆ ಯಾವ ಕಡೆಯೋ ಮುಖ ಆ ಕಡೆ. ಅಲ್ಲಿಗೆ ಜಗಳ ಮುಗಿಯಿತು.

ಗ್ರಾಫ್ ಪುಸ್ತಕದ ಸಣ್ಣ ಚೌಕದಲ್ಲಿ ಆಡುವವರು ಪೆನ್ಸಿಲ್‌ನಲ್ಲಿ ಎರಡು ಚೌಕ ಉದ್ದದ ಗೆರೆ ಎಳೆದು, ಮುಖದ ಕಡೆಗೆ ಒಂದು ಬಾಣದ ಗುರುತು ಹಾಕಿ. ಮೇಲಿನಿಂದ ನೋಡಿದರೆ ನಿಂತ ಬಳೆ ಗೆರೆಯಾಗಿಯೇ ಕಾಣಬೇಕು ಅಲ್ವಾ? ವೃತ್ತ ಬರೆದರೆ ಎಲ್ಲರೂ ಅದನ್ನು ನೆಲದ ಗುಂಡಿ ಅಂದುಕೊಂಡು ಸುತ್ತಲಿಂದ ಜಿಗಿಯಲು ಶುರು ಮಾಡುತ್ತಾರೆ.

3. ಎರಡು ಬಿಂದು ಆರಿಸಿ

ಈ ಹಂತದಲ್ಲಿ ಸ್ಲಾಟ್ ಕಳೆದುಕೊಳ್ಳುವ ದಾರಿಗಳು ಜಾಸ್ತಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಎರಡೂ ಬಿಂದು ಕಣ್ಣಿಗೆ ಕಾಣಬೇಕು. ಗೋಡೆಯ ಆಚೆ ಹಾಕಲು ಆಗುವುದಿಲ್ಲ. ಗಾಜಿನ ಕಿಟಕಿಯ ಆಚೆ ಕಾಣುತ್ತದಲ್ಲ ಅಂತ ಕೇಳುತ್ತಾರೆ. ಕಂಡರೆ ಸಾಲದು, ನಿಮ್ಮಿಂದ ಆ ಬಿಂದುವಿಗೆ ಅಡ್ಡಿ ಇಲ್ಲದ ದಾರಿಯೂ ಬೇಕು ಅನ್ನುವುದು ಎಲ್ಲಾ ಸ್ಪೆಲ್‌ಗಳ ಸಾಮಾನ್ಯ ನಿಯಮ. ಗಾಜಿನ ವಿಷಯದಲ್ಲಿ ನಿಮ್ಮ ಡಿಎಂ ಏನಂತಾರೆ ಮೊದಲೇ ಕೇಳಿಡಿ, ಸ್ಪೆಲ್ ಹಾಕಿದ ಮೇಲೆ ಅಲ್ಲ.

ರಾತ್ರಿ ಹೊತ್ತು 500 ಅಡಿ ಅನ್ನೋದು ಹೆಸರಿಗೆ ಮಾತ್ರ. ಡಾರ್ಕ್‌ವಿಷನ್, ಅಂದರೆ ಕತ್ತಲಲ್ಲಿ ಕಾಣುವ ಶಕ್ತಿ, ಇರುವ ಎಲ್ಫ್‌ಗೂ ಸಾಮಾನ್ಯವಾಗಿ 60 ಅಡಿ ಆಚೆ ಕಾಣುವುದಿಲ್ಲ. ಮನುಷ್ಯರಿಗೆ ಅದೂ ಇಲ್ಲ. ಹಾಗಿದ್ದಾಗ ಏನು ಮಾಡಬೇಕು? ವೈರಿಯ ಪಂಜು ಇರುವ ಜಾಗವನ್ನು ಹುಡುಕಿ. ಕೋಟೆಯ ಮೇಲೆ ಕಾವಲಿನವನು ಪಂಜು ಹಚ್ಚಿಟ್ಟಿದ್ದರೆ ಆ ಬೆಳಕಿನ ಅಂಚಿನ ನೆಲ ನಿಮಗೆ ಕಾಣುತ್ತದೆ. ನಡುವಿನ ಕತ್ತಲು ಅಡ್ಡಿಯಲ್ಲ, ಬಿಂದುವಿನ ಮೇಲೆ ಬೆಳಕಿದ್ದರೆ ಸಾಕು.

ಬಿಂದು ನೆಲದ ಮೇಲೆ ಇರಬೇಕು. ಗಾಳಿಯಲ್ಲಿ ಆಗುವುದಿಲ್ಲ, ಗೋಡೆಗೆ ಅಂಟಿಸಲು ಆಗುವುದಿಲ್ಲ. ಮತ್ತೆ ಬಳೆ ನಿಂತಿರುತ್ತದೆ ಅನ್ನೋದು ಮರೆಯಬೇಡಿ, 10 ಅಡಿ ಅಗಲ ಮಾತ್ರ ಅಲ್ಲ, 10 ಅಡಿ ಎತ್ತರವೂ ಬೇಕು. ಬೀದರ್‌ನ ನೌಬಾದ್ ಕಡೆಯ ಸುರಂಗ ಬಾವಿಯನ್ನು, ಅಂದರೆ ಬಹಮನಿ ಕಾಲದ ಕರೇಜ್ ನೀರಿನ ಸುರಂಗವನ್ನು, ನಕ್ಷೆ ಮಾಡಿ ಆಡುವವರು ನಮ್ಮಲ್ಲಿ ಬಹಳ. ಡಂಜನ್‌ಗೆ ಅದಕ್ಕಿಂತ ಒಳ್ಳೆಯ ಜಾಗ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ ಬಿಡಿ. ಆದರೆ ಅಂಥ ತಗ್ಗು, ಇಕ್ಕಟ್ಟು ದಾರಿಯಲ್ಲಿ ಈ ಬಳೆ ಹಿಡಿಸುವುದು ಅನುಮಾನ. ಹಿಡಿಸದಿದ್ದರೆ ಏನಾಗುತ್ತದೆ ಅಂತ ಪುಸ್ತಕ ಹೇಳುವುದಿಲ್ಲ, ಡಿಎಂ ಹೇಳಿದ್ದೇ ಆಗುತ್ತದೆ. ಸುರಂಗಕ್ಕೆ ಮೇಲಿನಿಂದ ಅಲ್ಲಲ್ಲಿ ಗಾಳಿ ಬೆಳಕಿಗೆ ಅಂತ ಬಾವಿಯಂತೆ ಕೊರೆದ ಬಾಯಿಗಳಿರುತ್ತವೆ. ಆ ಬಾಯಿಯ ಕೆಳಗಿನ ಜಾಗ ಎತ್ತರಕ್ಕೆ ಸಾಲುತ್ತದೆ, ಮೇಲಿಂದ ಬಗ್ಗಿ ನೋಡಿದರೆ ಕಾಣುತ್ತದೆ ಕೂಡ. ಅಗಲ ಸಾಲುತ್ತದಾ, ನೀರಿಲ್ಲದ ನೆಲ ಇದೆಯಾ ಅಂತ ಕೇಳಿ ಹಾಕಿ.

ಕೊನೆಯದು, ತುಂಬಾ ದುಬಾರಿಯಾದದ್ದು. ಬಳೆ ತೆರೆಯುವ ಜಾಗದಲ್ಲಿ ಯಾವುದಾದರೂ ಜೀವಿ ಇದ್ದರೆ ಸ್ಪೆಲ್ ವಿಫಲ, ಸ್ಲಾಟೂ ಹೋಯಿತು. ವೈರಿಯ ಮೇಲೆ ಬಳೆ ಬೀಳಿಸಿ ನುಂಗಿಸೋಣ ಅನ್ನುವ ಯೋಚನೆ ಇದ್ದರೆ ಈಗಲೇ ಬಿಡಿ. ಕಣ್ಣಿಗೆ ಕಾಣದ ಜೀವಿ ನಿಂತಿದ್ದರೂ ಅಷ್ಟೇ. ಅದೃಶ್ಯ ವೈರಿಗಳಿರುವ ಕೋಣೆಯಲ್ಲಿ ಬಾಗಿಲ ಪಕ್ಕ, ಸಿಂಹಾಸನದ ಪಕ್ಕದಂಥ ಜಾಗ ಬಿಟ್ಟು, ಯಾರೂ ಸುಮ್ಮನೆ ನಿಲ್ಲದ ಮೂಲೆ ಆರಿಸಿ.

4. ಮುಖ ತೀರ್ಮಾನ ಮಾಡಿ

ಇದು ಈ ಬರಹದ ಮುಖ್ಯ ಭಾಗ. ಹತ್ತಿರದ ಬಳೆಯನ್ನು ಹಾಕುವಾಗ ಹೆಚ್ಚಿನವರು ಮುಖವನ್ನು ತಮ್ಮ ಗುಂಪಿನ ಕಡೆ ಮಾಡುತ್ತಾರೆ. ಸಹಜವೇ. ಆದರೆ ನಿಮ್ಮ ಗುಂಪಿನ ಹಿಂದೆಯೇ ವೈರಿ ಓಡಿ ಬರುತ್ತಿದ್ದರೆ ಅವನ ಕಣ್ಣಿಗೂ ಅದೇ ಮುಖ. ನಿಮ್ಮ ಕೊನೆಯವನು ಹೊಕ್ಕ ತಕ್ಷಣ ಅವನೂ ಹೊಕ್ಕ.

ಅದಕ್ಕೇ ನಾನು ಹೇಳುವುದು: ಗೋಡೆಗೆ ಮುಖ ಮಾಡಿ. ಗೋಡೆಯಿಂದ 10 ಅಡಿ, ಅಂದರೆ ಎರಡು ಚೌಕ ಬಿಟ್ಟು ಬಳೆ ಹಾಕಿ, ಮುಖ ಗೋಡೆಯ ಕಡೆ ಇರಲಿ. ಕೋಣೆಯಲ್ಲಿರುವ ವೈರಿಗೆ ಬಳೆಯೇ ಕಾಣುವುದಿಲ್ಲ, ಅವನು ಬೆನ್ನಿನ ಕಡೆ ಇದ್ದಾನೆ. ನಿಮ್ಮವರು ಗೋಡೆಗುಂಟ ಆ ಸಂದಿಗೆ ಹೋಗಿ, ತಿರುಗಿ ಒಳಗೆ ಹೊಕ್ಕರೆ ಸಾಕು. ವೈರಿಗೆ ಕಾಣೋದು ಜನ ಗೋಡೆ ಹತ್ತಿರ ಹೋಗಿ ಒಬ್ಬೊಬ್ಬರಾಗಿ ಮಾಯವಾಗುವುದು. ಬುದ್ಧಿ ಇರುವ ವೈರಿ ಒಂದೆರಡು ರೌಂಡ್‌ನಲ್ಲಿ ಅರ್ಥ ಮಾಡಿಕೊಳ್ಳುತ್ತಾನೆ. ಆ ಒಂದೆರಡು ರೌಂಡ್ ನಿಮಗೆ ಸಿಕ್ಕಿತಲ್ಲ, ಅಷ್ಟು ಸಾಕು.

ಒಂದು ಎಚ್ಚರಿಕೆ: ಬೆನ್ನಿನ ಕಡೆಯಿಂದ ಬಳೆ ಕಾಣುವುದೇ ಇಲ್ಲ ಅಂದಮೇಲೆ ಅದು ಯಾರನ್ನೂ ಮರೆಮಾಡುವುದೂ ಇಲ್ಲ. ಆ ಸಂದಿಯಲ್ಲಿ ನಿಂತ ನಿಮ್ಮ ರೋಗ್‌ಗೆ, ಅಂದರೆ ಗುಟ್ಟಾಗಿ ನುಸುಳುವ ಪಾತ್ರದವನಿಗೆ, ಹಿಂದಿನಿಂದ ಬಾಣ ಬಂದು ಬೀಳಬಹುದು. ಮುಖದ ಕಡೆಯಿಂದ ಮಾತ್ರ ಮಂಜು ಅಡ್ಡ ನಿಲ್ಲುತ್ತದೆ, ಅದರ ಮೂಲಕ ಆ ಕಡೆ ಏನೂ ಕಾಣುವುದಿಲ್ಲ.

ದೂರದ ಬಳೆಗೆ ಬೇರೆ ಲೆಕ್ಕ. ನೀವು ಹೊರಬಂದಾಗ ಯಾವ ಕಡೆ ನೋಡುತ್ತಾ ಬರಬೇಕು ಅನ್ನೋದನ್ನು ಆ ಮುಖ ತೀರ್ಮಾನಿಸುತ್ತದೆ. ಬಿಲ್ಲುಗಾರರ ಸಾಲಿನ ಹಿಂದೆ ಬಳೆ ಹಾಕಿ ಮುಖವನ್ನು ಅವರ ಬೆನ್ನಿನ ಕಡೆ ಮಾಡಿದರೆ ನಿಮ್ಮ ಫೈಟರ್ ಒಂದೇ ಸರದಿಯಲ್ಲಿ ಅವರ ಹಿಂದೆ ಇರುತ್ತಾನೆ. ಅದೇ ಕಂದಕದ ಅಂಚಿನಲ್ಲಿ ಬಳೆ ಹಾಕಿ ಮುಖವನ್ನು ಕಂದಕದ ಕಡೆ ಮಾಡಿದರೆ? ಹತ್ತಿರದ ಬಳೆಗೆ ಯಾರನ್ನು ತಳ್ಳಿದರೂ ಅವರು ಕಾಲಿಗೆ ನೆಲ ಇಲ್ಲದ ಕಡೆ ಹೊರಬರುತ್ತಾರೆ. ಬಿದ್ದರೆ ಪ್ರತಿ 10 ಅಡಿಗೆ ಒಂದು ಆರುಮುಖದ ದಾಳ ಪೆಟ್ಟು, ಹೆಚ್ಚೆಂದರೆ 20 ದಾಳ. ತಳ್ಳಲು ಫೈಟರ್‌ನ ಶವ್ 5 ಅಡಿ ಕೊಡುತ್ತದೆ, ವಾರ್ಲಾಕ್‌ನ ರಿಪೆಲಿಂಗ್ ಬ್ಲಾಸ್ಟ್ 10 ಅಡಿ. ಈ ಉಪಾಯ ಮಾಡುವ ದಿನ ನಿಮ್ಮವರೆಲ್ಲರಿಗೂ ಮೊದಲೇ ಹೇಳಿಡಿ, ಇಲ್ಲದಿದ್ದರೆ ಕ್ಲೆರಿಕ್, ಅಂದರೆ ಗಾಯ ವಾಸಿ ಮಾಡುವ ಪಾತ್ರದವರು, ಸಹಾಯಕ್ಕೆ ಅಂತ ಓಡಿ ಬಂದು ತಾನೇ ಬಳೆಗೆ ಹೊಕ್ಕುಬಿಡುತ್ತಾರೆ.

5. ಸ್ಪೆಲ್ ಹಾಕಿ

ಒಂದು ಆಕ್ಷನ್ ಸಾಕು, ಅಂದರೆ ನಿಮ್ಮ ಸರದಿಯ ಮುಖ್ಯ ಕೆಲಸ. ಸಾಮಗ್ರಿ ಏನೂ ಬೇಡ, ಬಾಯಿ ಮಾತು ಮತ್ತು ಕೈಸನ್ನೆ ಬೇಕು. ಸದ್ದಡಗಿಸುವ ಸೈಲೆನ್ಸ್ ಸ್ಪೆಲ್ ಒಳಗಿದ್ದರೆ ಆಗುವುದಿಲ್ಲ, ಕೈ ಕಟ್ಟಿದ್ದರೂ ಆಗುವುದಿಲ್ಲ. ಸೋರ್ಸರರ್‌ಗಳಿಗೆ ಸಟಲ್ ಸ್ಪೆಲ್ ಇದ್ದರೆ ಒಂದು ಸೋರ್ಸರಿ ಪಾಯಿಂಟ್ ಕೊಟ್ಟು ಎರಡನ್ನೂ ಬಿಡಬಹುದು. ಸೆರೆಮನೆಯಿಂದ ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯದು ಇಲ್ಲ.

ಅದೇ ಸರದಿಯಲ್ಲಿ ನಡೆಯಬಹುದು, ಬೋನಸ್ ಆಕ್ಷನ್ ಕೊಟ್ಟು ಬಳೆ ತಿರುಗಿಸಲೂಬಹುದು. ಆದರೆ ಮಿಸ್ಟಿ ಸ್ಟೆಪ್‌ನಂಥ ಬೋನಸ್ ಆಕ್ಷನ್ ಸ್ಪೆಲ್ ಮತ್ತು ಇದು, ಎರಡೂ ಒಂದೇ ಸರದಿಯಲ್ಲಿ ಆಗುವುದಿಲ್ಲ. ಬೋನಸ್ ಆಕ್ಷನ್‌ನಲ್ಲಿ ಸ್ಪೆಲ್ ಹಾಕಿದ ಸರದಿಯಲ್ಲಿ ಜೊತೆಗೆ ಒಂದು ಆಕ್ಷನ್‌ನ ಕ್ಯಾಂಟ್ರಿಪ್, ಅಂದರೆ ಸ್ಲಾಟ್ ಖರ್ಚಿಲ್ಲದ ಚಿಕ್ಕ ಸ್ಪೆಲ್, ಮಾತ್ರ ಹಾಕಬಹುದು.

ವೈರಿಯ ಕಡೆ ಮಾಂತ್ರಿಕ ಇದ್ದರೆ ಅವನಿಂದ 60 ಅಡಿ ಆಚೆ ನಿಂತು ಹಾಕಿ, ಇಲ್ಲ ಕಂಬದ ಮರೆಯಲ್ಲಿ ಹಾಕಿ. ಕೌಂಟರ್‌ಸ್ಪೆಲ್, ಅಂದರೆ ನಿಮ್ಮ ಸ್ಪೆಲ್ಲನ್ನು ಹಾಕುವಾಗಲೇ ತಡೆಯುವ ಮಂತ್ರ, ಹಾಕಬೇಕಾದರೆ ಅವನಿಗೆ ನೀವು 60 ಅಡಿ ಒಳಗೆ ಕಾಣಬೇಕು. ಅವನು ಮೂರನೇ ಹಂತದ ಸ್ಲಾಟ್‌ನಲ್ಲಿ ಹಾಕಿದರೆ 16 ಉರುಳಿಸಬೇಕು, ಆರನೇ ಹಂತದಲ್ಲಿ ಹಾಕಿದರೆ ಉರುಳಿಸುವುದೇ ಬೇಡ.

6. ದಾಟಿಸುವುದು

ಎರಡು ಬಳೆ ಅಕ್ಕಪಕ್ಕ ಇವೆ ಅಂದುಕೊಂಡೇ ಹೆಜ್ಜೆ ಎಣಿಸಿ. 30 ಅಡಿ ನಡೆಯುವವನು ಬಳೆ ಮುಟ್ಟಲು 20 ಅಡಿ ಖರ್ಚು ಮಾಡಿದರೆ ಆ ಕಡೆ 10 ಅಡಿ ಉಳಿದಿದೆ. ನಡುವಿನ 500 ಅಡಿಗೆ ಖರ್ಚಿಲ್ಲ.

ಗುಂಪು ಸಿಕ್ಕಿಕೊಳ್ಳುವುದು ಆ ಕಡೆಯ ಬಾಯಲ್ಲಿ. ಮೊದಲು ಹೋದವರು ಅಲ್ಲೇ ನಿಂತುಬಿಟ್ಟರೆ ಹಿಂದಿನವರು ಅವರ ಜಾಗ ಹಾಯ್ದು ಹೋಗಬಹುದು, ಆದರೆ ನಡಿಗೆ ದುಪ್ಪಟ್ಟು ಖರ್ಚಾಗುತ್ತದೆ, ಅದೇ ಜಾಗದಲ್ಲಿ ನಿಲ್ಲಲೂ ಆಗುವುದಿಲ್ಲ. ಹಾಗಾಗಿ ಜಾಸ್ತಿ ದೂರ ನಡೆಯುವವರು ಮೊದಲು ಹೋಗಲಿ, ಬಳೆಯಿಂದ ಪಕ್ಕಕ್ಕೆ ಸರಿದು ನಿಲ್ಲಲಿ. ಮಂಜಿನ ಮೂಲಕ ಆ ಕಡೆ ಕಾಣುವುದಿಲ್ಲವಾದ್ದರಿಂದ ಮೊದಲು ಹೊಕ್ಕವನಿಗೆ ಏನು ಕಾದಿದೆಯೋ ಗೊತ್ತಿರುವುದಿಲ್ಲ. ಗಟ್ಟಿ ಮೈಯವನು ಮುಂದೆ ಇದ್ದರೆ ಒಳ್ಳೆಯದು.

ವೈರಿ ಪಕ್ಕದಲ್ಲೇ ಇದ್ದರೆ ಬಳೆಯವರೆಗೆ ನಡೆಯುವ ಹೆಜ್ಜೆಗೆ ಅಪರ್ಚುನಿಟಿ ಅಟ್ಯಾಕ್, ಅಂದರೆ ಬಿಟ್ಟು ಹೋಗುವವನ ಮೇಲೆ ಬೀಳುವ ಒಂದು ಪೆಟ್ಟು, ಬರಬಹುದು. ಟೆಲಿಪೋರ್ಟ್ ಆದರೆ, ಅಂದರೆ ಮಾಯವಾಗಿ ಇನ್ನೊಂದು ಕಡೆ ಮೂಡಿದರೆ, ಪೆಟ್ಟು ಇಲ್ಲ ಅನ್ನುವ ನಿಯಮ ನಿಜ, ಆದರೆ ನೀವಿನ್ನೂ ಬಳೆ ಮುಟ್ಟಿಲ್ಲ.

"ಡ್ರ್ಯಾಗನ್ ಈ ಬಳೆಯಲ್ಲಿ ಹಿಡಿಸಲ್ಲ ಬಿಡಿ" ಅಂತ ಧೈರ್ಯ ಹೇಳುವವರನ್ನು ನಂಬಬೇಡಿ. ಪೂರ್ತಿ ಬೆಳೆದ ಡ್ರ್ಯಾಗನ್ ಹ್ಯೂಜ್ ಗಾತ್ರದ್ದು, 15 ಅಡಿ ಜಾಗದ್ದು. ಒಂದು ಗಾತ್ರ ಚಿಕ್ಕ ಸಂದಿಯಲ್ಲಿ ಮೈ ಹಿಂಡಿಕೊಂಡು ನುಸುಳಲು ನಿಯಮ ಬಿಡುತ್ತದೆ, 10 ಅಡಿ ಬಳೆ ಆ ಲೆಕ್ಕಕ್ಕೆ ಸರಿಯಾಗಿ ಸಾಕು. ಪುರಾತನ ಡ್ರ್ಯಾಗನ್ ಗಾರ್ಗ್ಯಾಂಚುವನ್ ಗಾತ್ರದ್ದು, ಅದಕ್ಕೆ ಆಗುವುದಿಲ್ಲ.

ಬಾಣ ಬಿಡುವವರಿಗೆ: ಬಾಣ ಬಳೆ ದಾಟುತ್ತದೆ, ಕಣ್ಣು ದಾಟುವುದಿಲ್ಲ. ಕಾಣದ ಗುರಿಗೆ ಹೊಡೆದರೆ ಡಿಸ್‌ಅಡ್ವಾಂಟೇಜ್, ಎರಡು ದಾಳ ಉರುಳಿಸಿ ಕಡಿಮೆಯದನ್ನು ಹಿಡಿಯಬೇಕು. ಗುರಿ ಎಲ್ಲಿದೆ ಅಂತ ಊಹೆಯೂ ನಿಮ್ಮದೇ. ಫೈರ್‌ಬಾಲ್ ಅಂಥದ್ದನ್ನು ಬಳೆಯೊಳಗೆ ಕಳಿಸಬಹುದಾ ಅನ್ನೋದು ಡಿಎಂಗೆ ಬಿಟ್ಟದ್ದು.

7. ಏಕಾಗ್ರತೆ ಕಾಪಾಡಿಕೊಳ್ಳಿ

ಪೆಟ್ಟು ಬಿದ್ದಾಗಲೆಲ್ಲ ಕಾನ್‌ಸ್ಟಿಟ್ಯೂಶನ್ ಸೇವಿಂಗ್ ಥ್ರೋ, ಅಂದರೆ ಮೈ ಗಟ್ಟಿತನದ ಪರೀಕ್ಷೆಗೆ ದಾಳ ಉರುಳಿಸಬೇಕು. ಗುರಿ 10, ಅಥವಾ ಬಿದ್ದ ಪೆಟ್ಟಿನ ಅರ್ಧ, ಯಾವುದು ಜಾಸ್ತಿಯೋ ಅದು. 18 ಅಂಕದ ಪೆಟ್ಟು ಬಿದ್ದರೆ ಗುರಿ 10, 30 ಅಂಕದ್ದು ಬಿದ್ದರೆ 15. ಮೂರು ಬಾಣ ತಾಗಿದರೆ ಮೂರು ಸಲ ಬೇರೆ ಬೇರೆ ಉರುಳಿಸಬೇಕು, ಎಲ್ಲಾ ಸೇರಿಸಿ ಒಂದೇ ಸಲ ಅಲ್ಲ. ಮೂರ್ಛೆ ಹೋದರೆ, ಸ್ಟನ್ ಆದರೆ ಉರುಳಿಸುವ ಮಾತೇ ಇಲ್ಲ, ಬಳೆ ಹೋಯಿತು. ಏಕಾಗ್ರತೆ ಬೇಡುವ ಇನ್ನೊಂದು ಸ್ಪೆಲ್ ಹಾಕಿದರೂ ಹೋಯಿತು. ಫೈಟರ್ ಮೇಲೆ ಹೇಸ್ಟ್, ಅಂದರೆ ವೇಗ ಹೆಚ್ಚಿಸುವ ಸ್ಪೆಲ್, ಹಿಡಿದುಕೊಂಡು ಇದನ್ನು ಹಾಕಲು ಹೋಗಿ ಹೇಸ್ಟ್ ಬಿದ್ದು, ಆ ಫೈಟರ್ ಒಂದು ಸರದಿ ಪೂರ್ತಿ ಸುಸ್ತಾಗಿ ನಿಲ್ಲುವುದು ತೀರಾ ಸಾಮಾನ್ಯ ತಪ್ಪು.

ಸೋರ್ಸರರ್‌ಗೆ ಈ ಪರೀಕ್ಷೆಯಲ್ಲಿ ಹುಟ್ಟಿನಿಂದಲೇ ಪಳಗಿಕೆ ಇದೆ. ವಿಝರ್ಡ್, ವಾರ್ಲಾಕ್ ಇಬ್ಬರೂ ವಾರ್ ಕ್ಯಾಸ್ಟರ್ ಅಥವಾ ರೆಸಿಲಿಯಂಟ್ ಫೀಟ್, ಅಂದರೆ ಪಾತ್ರಕ್ಕೆ ಸೇರಿಸಿಕೊಳ್ಳುವ ವಿಶೇಷ ಪಳಗಿಕೆ, ತಗೊಂಡರೆ ಒಳ್ಳೆಯದು. ಕಾಂಜುರೇಶನ್ ಶಾಲೆಯ ವಿಝರ್ಡ್‌ಗಳಿಗೆ ಇನ್ನೂ ದೊಡ್ಡ ಲಾಭ ಇದೆ, ಅದನ್ನು ಯಾರೂ ಗಮನಿಸುವುದಿಲ್ಲ: ಹತ್ತನೇ ಲೆವೆಲ್‌ನಲ್ಲಿ ಬರುವ ಫೋಕಸ್ಡ್ ಕಾಂಜುರೇಶನ್‌ನಿಂದ, ಪೆಟ್ಟು ಬಿದ್ದ ಕಾರಣಕ್ಕೆ ಕಾಂಜುರೇಶನ್ ಸ್ಪೆಲ್‌ನ ಏಕಾಗ್ರತೆ ಮುರಿಯುವುದೇ ಇಲ್ಲ. ಆರ್ಕೇನ್ ಗೇಟ್ ಕಾಂಜುರೇಶನ್ನೇ. ಈ ಸ್ಪೆಲ್ ಮೇಲೆ ಪ್ರೀತಿ ಇರುವವರು ಆ ಶಾಲೆ ಸೇರಿ ಅಂತಲೇ ನಾನು ಹೇಳುವುದು.

ಎಲ್ಲರಿಗೂ ಅನ್ವಯಿಸುವ ಮಾತು: ಹಾಕಿದವರು ಸಾಧ್ಯವಾದರೆ ಮೊದಲೇ ದಾಟಿ ಸುರಕ್ಷಿತ ಕಡೆ ಹೋಗಿ ನಿಲ್ಲಬೇಕು. ಕೊನೆಗೆ ದಾಟುವುದು ಧೈರ್ಯ ಅಂತ ಕಾಣಬಹುದು, ಆದರೆ ಪೆಟ್ಟು ತಿನ್ನುವ ಕಡೆ ನೀವು ನಿಂತು ಬಳೆ ಮುರಿದರೆ ಉಳಿದವರೆಲ್ಲ ಅಲ್ಲೇ ಉಳಿದರು.

8. ಮುಚ್ಚುವುದು

ಏಕಾಗ್ರತೆ ಬಿಡಲು ಆಕ್ಷನ್ ಬೇಡ, ನಿಮ್ಮ ಸರದಿಯೂ ಬೇಡ. ಯಾವಾಗ ಬೇಕಾದರೂ ಬಿಡಬಹುದು. ಅಂದರೆ ವೈರಿ ತನ್ನ ಸರದಿಯಲ್ಲಿ ಅಷ್ಟು ದೂರ ಓಡಿ ಬಂದು ಬಳೆಯ ಮುಂದೆ ನಿಂತಾಗ "ಬಿಟ್ಟೆ" ಅನ್ನಬಹುದು. ಅವನ ನಡಿಗೆ ವ್ಯರ್ಥ. ಇದಕ್ಕೆ ನೀವು ಆ ಕಡೆ ಇದ್ದು ಈ ಕಡೆಯ ಸುದ್ದಿ ಗೊತ್ತಿರಬೇಕು, ಮಂಜು ಅಡ್ಡ ಇರುತ್ತದಲ್ಲ. ಹಾಗಾಗಿ ಕೊನೆಯವನು ದಾಟಿದ ಕೂಡಲೇ ಕೂಗಿ ಹೇಳಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಮುಚ್ಚಲು ಇಷ್ಟ ಇಲ್ಲ, ವಾಪಸ್ ಬರಬೇಕು ಅಂದರೆ ತಿರುಗಿಸಿ. ತಿರುಗಿಸಲು ಬಳೆಯ ಹತ್ತಿರ ಇರಬೇಕು ಅಂತ ಎಲ್ಲೂ ಬರೆದಿಲ್ಲ, ಆ ಕಡೆ ನಿಂತೇ ಈ ಕಡೆಯ ಬಳೆಯ ಮುಖವನ್ನು ಗೋಡೆಗೆ ಮಾಡಬಹುದು. ಆದರೆ ಒಂದನ್ನೇ ತಿರುಗಿಸಬಹುದಾ, ಎರಡೂ ಒಟ್ಟಿಗೆ ತಿರುಗುತ್ತವಾ ಅನ್ನೋದು ಪುಸ್ತಕದ ಮಾತಿನಲ್ಲಿ ಸ್ಪಷ್ಟವಿಲ್ಲ. ಡಿಎಂ ಹತ್ತಿರ ಆಟಕ್ಕೆ ಮೊದಲೇ ಕೇಳಿ.

ಒಂದು ಸಲ ಪೂರ್ತಿ ಹಾಕಿ ನೋಡೋಣ

ಬೀದರ್ ಕೋಟೆಯ ನಕ್ಷೆ ತಗೊಳ್ಳಿ. ಕೆಂಪು ಜಂಬಿಟ್ಟಿಗೆಯ ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ, ನಡುನಡುವೆ ಅದೇ ಬಂಡೆಯ ಗೋಡೆ. ಇದನ್ನು ಆಟಕ್ಕೆ ಇಳಿಸುವಾಗ ಅಳತೆ ನಮ್ಮದೇ ಇರಲಿ: ಕೋಟೆಯ ಒಳಗಿನ ನೆಲದಿಂದ ಮೂರನೇ ಕಂದಕದ ಆಚೆ ದಂಡೆಗೆ 400 ಅಡಿ. ಒಳಗೆ ಸೆರೆಯಲ್ಲಿದ್ದ 40 ಹಳ್ಳಿಗರನ್ನು ರಾತ್ರಿ ಹೊರಗೆ ತರಬೇಕು.

ಮೊದಲ ಕೆಲಸ ಬೆಳಕು. ಸಂಜೆಯೇ ಒಬ್ಬರು ಹೊರಗೆ ಹೋಗಿ ಆಚೆ ದಂಡೆಯಲ್ಲಿ ಒಂದು ಕಂದೀಲು ಇಟ್ಟು ಬರಲಿ, ಕುರಿ ಕಾಯುವವರ ಕಂದೀಲು ಅನ್ನಿಸುವ ಹಾಗೆ. ಮಾಂತ್ರಿಕ ಆ ಬೆಳಕು ಕಾಣುವ ಬುರುಜಿನ ಮೇಲೆ ನಿಲ್ಲಲಿ. ಹತ್ತಿರದ ಬಳೆ ಬುರುಜಿನ ಮೇಲೇ, ಮುಖ ಹೊರಗಿನ ತಡೆಗೋಡೆಯ ಕಡೆ, ನಡುವೆ ಎರಡು ಚೌಕ. ಕೆಳಗಿನ ಅಂಗಳದ ಕಾವಲಿನವರಿಗೆ ಬೆನ್ನು ಮಾತ್ರ. ದೂರದ ಬಳೆಯ ಮುಖ ಕೋಟೆಯ ಕಡೆ ಇರಬಾರದು, ಹೊಳೆಯುವ ಬಳೆ ಇಡೀ ಗೋಡೆಯ ಮೇಲಿನ ಕಾವಲಿಗೆ ಕಾಣುತ್ತದೆ. ಅದನ್ನು ಹೊರಗಿನ ಹೊಲದ ಕಡೆ ತಿರುಗಿಸಿ.

ಈಗ ಲೆಕ್ಕ. ಬಳೆಯಲ್ಲಿ ಇಬ್ಬರು ಜೋಡಿಯಾಗಿ ಹೋಗಬಹುದು, 40 ಜನ ಅಂದರೆ 20 ಜೋಡಿ. ಜೋಡಿಗೆ 5 ಅಡಿ, ಸಾಲಿನ ಉದ್ದ 100 ಅಡಿ. ಡ್ಯಾಶ್ ಮಾಡಿದರೆ, ಅಂದರೆ ಆಕ್ಷನ್ ಕೊಟ್ಟು ಓಡಿದರೆ, ಒಬ್ಬೊಬ್ಬರು ರೌಂಡ್‌ಗೆ 60 ಅಡಿ ಹೋಗುತ್ತಾರೆ. ಎಲ್ಲರೂ ಆ ಕಡೆ ಚದುರಿ ನಿಂತರೆ ಕೊನೆಯ ಜೋಡಿಯೂ ಎರಡನೇ ರೌಂಡ್‌ನಲ್ಲೇ ಆಚೆ ಇರುತ್ತದೆ. ಮುದುಕರು ಮಕ್ಕಳು ಅಂತ ಇನ್ನೂ ಮೂರು ರೌಂಡ್ ಸೇರಿಸಿ. ಅಲ್ಲಿಗೆ ಅರ್ಧ ನಿಮಿಷ. 10 ನಿಮಿಷದ ಬಳೆಯಲ್ಲಿ ಸಮಯ ಯಾವತ್ತೂ ಸಾಲದೆ ಹೋಗುವುದಿಲ್ಲ, ನಿಮ್ಮ ಏಕಾಗ್ರತೆ ಸಾಲದೆ ಹೋಗಬಹುದು. ಹಾಗಾಗಿ ನಿಮ್ಮ ಗುಂಪಿನ ಶಕ್ತಿಯನ್ನೆಲ್ಲ ಮಾಂತ್ರಿಕನ ಮೇಲೆ ಬಾಣ ಬೀಳದ ಹಾಗೆ ನೋಡಿಕೊಳ್ಳಲು ಇಡಿ.

ಇದು ಬೇಡವಾದ ಜಾಗ

ಆಚೆ ಕಡೆ ಕಾಣದಿದ್ದರೆ ಡೈಮೆನ್ಶನ್ ಡೋರ್ ಹಾಕಿ. ಅದು ನಾಲ್ಕನೇ ಹಂತದ್ದು, ಅದೇ 500 ಅಡಿ, ಕಣ್ಣಿಗೆ ಕಾಣಬೇಕಿಲ್ಲ, ಆದರೆ ಜೊತೆಗೆ ಒಬ್ಬರನ್ನು ಮಾತ್ರ ಕರೆದೊಯ್ಯಬಹುದು. ನೀವೊಬ್ಬರೇ 30 ಅಡಿ ಹೋಗಬೇಕಾದರೆ ಎರಡನೇ ಹಂತದ ಮಿಸ್ಟಿ ಸ್ಟೆಪ್ ಸಾಕು. ಊರಿಂದ ಊರಿಗೆ ಹೋಗುವುದಾದರೆ ಐದನೇ ಹಂತದ ಟೆಲಿಪೋರ್ಟೇಶನ್ ಸರ್ಕಲ್, ಅದಕ್ಕೆ ಆ ಊರಿನ ಶಾಶ್ವತ ವೃತ್ತದ ಗುರುತು ನಿಮಗೆ ಗೊತ್ತಿರಬೇಕು, 50 ಚಿನ್ನದ ನಾಣ್ಯದ ಸಾಮಗ್ರಿ ಪ್ರತಿ ಸಲ ಖರ್ಚಾಗುತ್ತದೆ.

ವೈರಿಯ ಹತ್ತಿರ ಡಿಸ್ಪೆಲ್ ಮ್ಯಾಜಿಕ್, ಅಂದರೆ ಹಾಕಿದ ಸ್ಪೆಲ್ಲನ್ನು ಅಳಿಸಿಹಾಕುವ ಮಂತ್ರ, ಇದೆ ಅಂತ ಗೊತ್ತಿದ್ದರೆ ನಿಮ್ಮ ಕ್ಲೆರಿಕ್ ಅಥವಾ ಫೈಟರ್ ಒಬ್ಬರೇ ಆ ಕಡೆ ಉಳಿಯುವ ಹಾಗೆ ಯಾವತ್ತೂ ದಾಟಿಸಬೇಡಿ. ಹೋದರೆ ಇಬ್ಬರು ಒಟ್ಟಿಗೆ ಹೋಗಲಿ, ಅವರ ಹತ್ತಿರ ವಾಪಸ್ ಬರಲು ಇನ್ನೊಂದು ದಾರಿ ಇರಲಿ, ಒಂದು ಹಗ್ಗವಾದರೂ ಸರಿ.